ಗುಲಾಬಿ ಟಾಕೀಸ್ ಪ್ರಶಸ್ತಿ ಯಾವ ವರ್ಷದ್ದು? ಉಮಾಶ್ರೀ ವೃತ್ತಿಪಟ್ಟಿ ಕಟ್ಟುವ ಬಗೆ

ಪ್ರಶ್ನೆ: ನಾನು ತಿಪಟೂರಿನಲ್ಲಿ ಪದವಿ ಓದುತ್ತಿದ್ದೇನೆ. ನಮ್ಮ ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದ ನಟಿ ಉಮಾಶ್ರೀ ಅವರ ಬದುಕು ಮತ್ತು ವೃತ್ತಿಯ ಬಗ್ಗೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹತ್ತು ಪುಟ ಬರೆಯಬೇಕಾಗಿದೆ. ಮಾಹಿತಿ ಹುಡುಕಿದರೆ ಗೊಂದಲವೇ ಹೆಚ್ಚು. ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಒಂದು ಕಡೆ 2007 ಎಂದಿದೆ, ಇನ್ನೊಂದು ಕಡೆ 2008, ಮತ್ತೊಂದು ಕಡೆ 2009. ನಟಿಸಿದ ಚಿತ್ರಗಳ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾಟಕ, ಧಾರಾವಾಹಿ, ರಾಜಕೀಯ ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸುವುದು ಹೇಗೆ? ದಯವಿಟ್ಟು ತಿಳಿಸಿ.

ಉತ್ತರ: ಮೊದಲು ವರ್ಷದ ವಿಷಯ. ನಿಮಗೆ ಸಿಕ್ಕ ಮೂರು ವರ್ಷಗಳಲ್ಲಿ ಒಂದೂ ತಪ್ಪಲ್ಲ. ಯಾವುದರ ವರ್ಷ ಎಂದು ಹೇಳದೆ ಬರೆದದ್ದೇ ತಪ್ಪು.

ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೆ ಚಿತ್ರ ತೆರೆಗೆ ಬಂದ ದಿನ ಮುಖ್ಯವಲ್ಲ, ಸೆನ್ಸಾರ್ ಆದ ದಿನ ಮುಖ್ಯ. ಜನವರಿ 1ರಿಂದ ಡಿಸೆಂಬರ್ 31ರೊಳಗೆ ಪ್ರಮಾಣಪತ್ರ ಪಡೆದ ಚಿತ್ರಗಳು ಆ ವರ್ಷದ ಸ್ಪರ್ಧೆಗೆ ಬರುತ್ತವೆ. ಗಿರೀಶ ಕಾಸರವಳ್ಳಿ ನಿರ್ದೇಶನದ ‘ಗುಲಾಬಿ ಟಾಕೀಸ್’ 2007ರ ಲೆಕ್ಕಕ್ಕೆ ಸೇರಿತು. ಜನ ಅದನ್ನು ಚಿತ್ರಮಂದಿರದಲ್ಲಿ ನೋಡಿದ್ದು 2008ರಲ್ಲಿ. ಪ್ರಶಸ್ತಿ ಘೋಷಣೆ ತಡವಾಗಿ ಆದದ್ದು 2009ರಲ್ಲಿ. ರಾಜ್ಯಪ್ರಶಸ್ತಿಯನ್ನೂ ಇದೇ ಚಿತ್ರಕ್ಕೆ ಅವರು ಪಡೆದರು, ಅದರ ವರ್ಷ 2007-08. ಆಗ ರಾಜ್ಯಪ್ರಶಸ್ತಿಗಳು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದಲ್ಲಿ ನಡೆಯುತ್ತಿದ್ದವು. 2010-11ರ ನಂತರ 2011, 2012 ಎಂದು ಕ್ಯಾಲೆಂಡರ್ ವರ್ಷಕ್ಕೆ ಬದಲಾದವು. ಹೀಗೆ ಒಂದೇ ಚಿತ್ರದ ಒಂದೇ ಪಾತ್ರಕ್ಕೆ ನಾಲ್ಕು ಬಗೆಯ ವರ್ಷ ಹುಟ್ಟಿಕೊಂಡಿತು.

ರಾಷ್ಟ್ರಪ್ರಶಸ್ತಿಯ ವರ್ಷ ತಿಳಿಯಲು ಒಂದು ಸುಲಭದ ಲೆಕ್ಕವಿದೆ. ಪ್ರಶಸ್ತಿಯ ಕ್ರಮಸಂಖ್ಯೆಗೆ 1952 ಕೂಡಿಸಿ. ಉಮಾಶ್ರೀ ಅವರದ್ದು 55ನೇ ಪ್ರಶಸ್ತಿ, ಅಂದರೆ 2007. ‘ಹಸೀನಾ’ ಚಿತ್ರಕ್ಕೆ ತಾರಾ ಪಡೆದದ್ದು 52ನೆಯದು, ಅಂದರೆ 2004. ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ ಪಡೆದದ್ದು 21ನೆಯದು, 1973. ಕನ್ನಡ ಚಿತ್ರದ ಪಾತ್ರಕ್ಕಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದವರಲ್ಲಿ ಉಮಾಶ್ರೀ ಮೂರನೆಯವರು ಎಂದು ಈ ಮೂರು ಸಾಲಿನಿಂದಲೇ ಬರೆಯಬಹುದು. ‘ಕನ್ನಡತಿ’ ಎಂದೋ ‘ಕನ್ನಡ ನಟಿ’ ಎಂದೋ ಬರೆದರೆ ವಾದಕ್ಕೆ ದಾರಿಯಾಗುತ್ತದೆ, ಏಕೆಂದರೆ ಕನ್ನಡದಲ್ಲೂ ಮನೆಮಾತಾದ ಲಕ್ಷ್ಮಿ ತಮಿಳಿನ ‘ಸಿಲ ನೇರಂಗಳಿಲ್ ಸಿಲ ಮನಿದರ್ಗಳ್’ ಚಿತ್ರಕ್ಕೆ 24ನೇ ಪ್ರಶಸ್ತಿ ಪಡೆದಿದ್ದರು. ಪದ ಒಂದಿಷ್ಟು ಸಡಿಲವಾದರೆ ಸಾಕು, ಸರಿಯಾದ ಅಂಕಿಯೂ ಸುಳ್ಳಾಗುತ್ತದೆ.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ‘ವರ್ಷ’ ಎಂಬ ಒಂದೇ ಕಾಲಂ ಇಡಬೇಡಿ. ಸೆನ್ಸಾರ್ ದಿನಾಂಕ, ಬಿಡುಗಡೆ ದಿನಾಂಕ, ಪ್ರಶಸ್ತಿ ವರ್ಷ ಎಂದು ಮೂರು ಕಾಲಂ ಮಾಡಿ. ತಿಳಿಯದ್ದನ್ನು ಖಾಲಿ ಬಿಡಿ. ಖಾಲಿ ಮನೆ ಕಂಡರೆ ಮುಂದೆ ಯಾರಾದರೂ ತುಂಬುತ್ತಾರೆ. ಊಹಿಸಿ ತುಂಬಿದ ಮನೆಯನ್ನು ಮಾತ್ರ ಯಾರೂ ಮತ್ತೆ ತೆರೆದು ನೋಡುವುದಿಲ್ಲ.

ಸೆನ್ಸಾರ್ ದಿನಾಂಕ ಸಿಗುವುದು ಚಿತ್ರದ ಮೊದಲಲ್ಲೇ ತೆರೆಗೆ ಬರುವ ಪ್ರಮಾಣಪತ್ರದಲ್ಲಿ. ಚಿತ್ರದ ಹೆಸರು, ಭಾಷೆ, ವರ್ಗ, ಪ್ರಮಾಣಪತ್ರ ಸಂಖ್ಯೆ, ದಿನಾಂಕ, ಉದ್ದ ಅದರಲ್ಲಿರುತ್ತವೆ. ಅಂತರ್ಜಾಲದ ಪ್ರತಿಯಲ್ಲಿ ಆ ಕೆಲವು ಕ್ಷಣಗಳನ್ನು ಕತ್ತರಿಸಿರುವುದು ಸಾಮಾನ್ಯ. ಡಿವಿಡಿ ಅಥವಾ ವಿಸಿಡಿ ಸಿಕ್ಕರೆ ಮೊದಲು ಅದನ್ನೇ ನೋಡಿ. ಪ್ರಮಾಣಪತ್ರದ ಮೇಲೆ ತ್ರಿಕೋನದ ಗುರುತಿದ್ದರೆ ಸೆನ್ಸಾರ್ ಮಂಡಳಿಯ ಸೂಚನೆಯಂತೆ ಕತ್ತರಿ ಬಿದ್ದಿದೆ ಎಂದರ್ಥ. ಇತ್ತೀಚಿನ ಪ್ರಮಾಣಪತ್ರಗಳ ಸಂಖ್ಯೆಯಲ್ಲಿ ಮೊದಲ ಅಕ್ಷರ ನೋಡಿ: ಸಿ ಎಂದಿದ್ದರೆ ಫಿಲ್ಮ್, ಡಿ ಎಂದಿದ್ದರೆ ಡಿಜಿಟಲ್, ವಿ ಎಂದಿದ್ದರೆ ವಿಡಿಯೊ. ವಿಡಿಯೊ ಪ್ರಮಾಣಪತ್ರದ ದಿನಾಂಕ ಚಿತ್ರ ಬಂದು ಎಷ್ಟೋ ವರ್ಷಗಳ ನಂತರದ್ದಾಗಿರಬಹುದು. ಅದನ್ನೇ ಚಿತ್ರದ ವರ್ಷ ಎಂದು ಹಿಡಿದರೆ ಎಂಬತ್ತರ ದಶಕದ ಚಿತ್ರ ಎರಡು ಸಾವಿರದ ಈಚೆಗೆ ಜಾರಿಬಿಡುತ್ತದೆ. ಮರುಬಿಡುಗಡೆಗೆಂದು ಹೊಸದಾಗಿ ಪಡೆದ ಪ್ರಮಾಣಪತ್ರದಿಂದಲೂ ಇದೇ ಎಡವಟ್ಟು ಆಗುತ್ತದೆ.

ಬಿಡುಗಡೆ ದಿನಾಂಕಕ್ಕೆ ಆ ವಾರದ ದಿನಪತ್ರಿಕೆಯ ಜಾಹೀರಾತಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ‘ಇಂದಿನಿಂದ’ ಎಂದಿರುವ ಜಾಹೀರಾತನ್ನು ಹುಡುಕಬೇಕು. ‘ಶೀಘ್ರದಲ್ಲಿ’, ‘ಈ ವಾರ’ ಎಂದಿದ್ದರೆ ನಂಬಬೇಡಿ, ಮುಂದಕ್ಕೆ ಹೋಗಿರುವ ಸಾಧ್ಯತೆ ಇದ್ದೇ ಇದೆ. ಯಾವ ಊರಿನ ಜಾಹೀರಾತು ಎಂಬುದನ್ನೂ ಗಮನಿಸಿ. ಫಿಲ್ಮ್ ಪ್ರಿಂಟಿನ ಕಾಲದಲ್ಲಿ ಬೆಂಗಳೂರು–ಕೋಲಾರ–ತುಮಕೂರು ಒಂದು ಹಂಚಿಕೆ ಪ್ರದೇಶ, ಹುಬ್ಬಳ್ಳಿ ಕಡೆಯದು ಬೇರೆ. ಇದ್ದ ಪ್ರಿಂಟುಗಳೇ ಊರಿಂದೂರಿಗೆ ಸುತ್ತುತ್ತಿದ್ದವು. ಗದಗಿನ ಚಿತ್ರಮಂದಿರದ ಜಾಹೀರಾತು ಹಿಡಿದು ರಾಜ್ಯದ ಬಿಡುಗಡೆ ದಿನ ಹೇಳಲಾಗದು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಜಾಹೀರಾತು ಹೆಚ್ಚಿನ ಚಿತ್ರಗಳಿಗೆ ಮೊದಲ ದಿನ ಕೊಡುತ್ತದೆ.

ಇನ್ನು ಚಿತ್ರಗಳ ಸಂಖ್ಯೆ. ನನ್ನ ಸಲಹೆ ಕೇಳುವುದಾದರೆ, ಸಂಖ್ಯೆಯನ್ನೇ ಬರೆಯಬೇಡಿ. ‘ಇಷ್ಟು ನೂರು ಚಿತ್ರಗಳಲ್ಲಿ ನಟಿಸಿದ್ದಾರೆ’ ಎಂಬ ಸಾಲು ಸನ್ಮಾನಪತ್ರದಿಂದ ಸನ್ಮಾನಪತ್ರಕ್ಕೆ ನಕಲಾಗಿ ಬಂದದ್ದು, ಪ್ರತಿ ಸಲವೂ ಒಂದಿಷ್ಟು ಉಬ್ಬುತ್ತದೆ. ನೀವೇ ಒಂದೊಂದಾಗಿ ಹೆಸರು, ಪಾತ್ರ, ದಿನಾಂಕ ಹಾಕಿ ಎಣಿಸಿದ ನಂತರ ‘ಈ ಪಟ್ಟಿಯಲ್ಲಿರುವುದು ಇಷ್ಟು’ ಎಂದರೆ ಸಾಕು.

ಎಣಿಕೆ ಹಿಗ್ಗುವುದಕ್ಕೆ ಕಾರಣಗಳು ಬಹುಮಟ್ಟಿಗೆ ಇವೇ. ಸೆಟ್ಟೇರಿ ನಿಂತುಹೋದ ಚಿತ್ರಗಳು ಮುಹೂರ್ತದ ಸುದ್ದಿಯಿಂದ ಪಟ್ಟಿ ಸೇರಿಬಿಡುತ್ತವೆ. ಚಿತ್ರೀಕರಣದ ವೇಳೆ ಒಂದು ಹೆಸರು, ಬಿಡುಗಡೆಯಲ್ಲಿ ಇನ್ನೊಂದು ಹೆಸರು ಇದ್ದರೆ ಎರಡು ಚಿತ್ರವಾಗುತ್ತದೆ. ಡಬ್ಬಿಂಗ್ ಆದ ಚಿತ್ರ ಎರಡು ಸಲ ಎಣಿಕೆಯಾಗುತ್ತದೆ. ನಿಜವಾಗಿಯೂ ಎರಡು ಭಾಷೆಯಲ್ಲಿ ತಯಾರಾದ ಚಿತ್ರಗಳ ಲೆಕ್ಕ ಬೇರೆ. ಬಿ. ಸರೋಜಾದೇವಿ ಅವರ 1964ರ ‘ಅಮರಶಿಲ್ಪಿ ಜಕಣಾಚಾರಿ’ ನೋಡಿ. ಕನ್ನಡದಲ್ಲಿ ಕಲ್ಯಾಣ್‌ಕುಮಾರ್ ನಾಯಕ, ತೆಲುಗಿನ ‘ಅಮರಶಿಲ್ಪಿ ಜಕ್ಕನ್ನ’ದಲ್ಲಿ ಅಕ್ಕಿನೇನಿ ನಾಗೇಶ್ವರರಾವ್, ಎರಡಕ್ಕೂ ನಾಯಕಿ ಸರೋಜಾದೇವಿಯೇ. ದೃಶ್ಯಗಳನ್ನು ಮತ್ತೆ ಅಭಿನಯಿಸಿರುವುದರಿಂದ ಅದು ಎರಡು ಚಿತ್ರ. ಪರೀಕ್ಷೆ ಸುಲಭ: ಎದುರು ನಿಂತ ನಟ ಬದಲಾಗಿದ್ದರೆ, ತುಟಿಯ ಚಲನೆ ಭಾಷೆಗೆ ಹೊಂದುತ್ತಿದ್ದರೆ ಎರಡು ಸಾಲು ಹಾಕಿ. ಧ್ವನಿ ಮಾತ್ರ ಬದಲಾಗಿದ್ದರೆ ಒಂದೇ ಸಾಲು, ಟಿಪ್ಪಣಿಯಲ್ಲಿ ಡಬ್ಬಿಂಗ್ ಎನ್ನಿ.

ಉಮಾಶ್ರೀ ಅವರ ವಿಷಯದಲ್ಲಿ ಇದಕ್ಕಿಂತ ದೊಡ್ಡ ತೊಡಕು ಹೆಸರಿನದ್ದು. ಅದೇ ಕಾಲದ ಕನ್ನಡ ಚಿತ್ರಗಳಲ್ಲಿ ಉಮಾ ಶಿವಕುಮಾರ್ ಎಂಬ ಇನ್ನೊಬ್ಬ ನಟಿ ಇದ್ದರು, ಅವರೂ ಹಾಸ್ಯ ಮತ್ತು ಪೋಷಕ ಪಾತ್ರಗಳಿಗೆ ಹೆಸರಾದವರು. ಶೀರ್ಷಿಕೆ ಪಟ್ಟಿಯಲ್ಲಿ ಬರೀ ‘ಉಮಾ’ ಎಂದಿದ್ದರೆ ಯಾರು ಎಂದು ಮುಖ ನೋಡಿಯೇ ತೀರ್ಮಾನಿಸಬೇಕು. ಅಂತರ್ಜಾಲದ ಚಿತ್ರಪಟ್ಟಿಗಳಲ್ಲಿ ಇಂಗ್ಲಿಷ್ ಕಾಗುಣಿತದ ವ್ಯತ್ಯಾಸದಿಂದ ಒಬ್ಬರೇ ಇಬ್ಬರಾಗುವುದೂ ಇಬ್ಬರು ಒಬ್ಬರಾಗುವುದೂ ಉಂಟು. ಹಾಗಾಗಿ ಶೀರ್ಷಿಕೆಯಲ್ಲಿ ಹೆಸರು ಹೇಗೆ ಬಂದಿದೆಯೋ ಹಾಗೇ ಬರೆದುಕೊಳ್ಳುವ ಒಂದು ಕಾಲಂ ಇರಲಿ. ತೆರೆಯ ಮೇಲಿನ ಹೆಸರನ್ನು ಆಮೇಲೆ ಬದಲಿಸಿಕೊಂಡವರ ಪಟ್ಟಿಗೆ ಇದು ಇನ್ನೂ ಅಗತ್ಯ. ಜಯಂತಿ ಅವರ ಹುಟ್ಟುಹೆಸರು ಕಮಲಾಕುಮಾರಿ ಎಂಬುದು ಗೊತ್ತಿಲ್ಲದೆ ಅವರ ಆರಂಭದ ವರ್ಷಗಳನ್ನು ಹುಡುಕುವುದು ಕಷ್ಟ.

‘ಮೊದಲ ಚಿತ್ರ’ ಎಂಬ ಮಾತನ್ನೂ ಎಚ್ಚರದಿಂದ ಬಳಸಿ. ಮೊದಲು ಕ್ಯಾಮೆರಾ ಎದುರಿಸಿದ್ದು, ಮೊದಲು ತೆರೆಕಂಡದ್ದು, ಮೊದಲು ಜನರ ಕಣ್ಣಿಗೆ ಬಿದ್ದದ್ದು ಮೂರೂ ಬೇರೆ ಬೇರೆ ಚಿತ್ರಗಳಾಗಿರಬಹುದು. ಉಮಾಶ್ರೀ ಅವರ ಮಟ್ಟಿಗೆ ಮೂರನೆಯದ್ದರ ಬಗ್ಗೆ ಸಂಶಯವಿಲ್ಲ. ಕಾಶೀನಾಥ್ ಅವರ ‘ಅನುಭವ’, 1984. ಪಟ್ಟಿ ಕಟ್ಟುವಾಗ ಆ ಚಿತ್ರವನ್ನು ‘ಜನರ ಗಮನಕ್ಕೆ ಬಂದ ಚಿತ್ರ’ ಎಂದೇ ನಮೂದಿಸಿ.

ಆ ಚಿತ್ರ ಅವರಿಗೆ ದಾರಿ ತೆರೆಯಿತು, ಅದೇ ದಾರಿಯಲ್ಲಿ ಕಟ್ಟಿಯೂ ಹಾಕಿತು. ನಂತರದ ವರ್ಷಗಳಲ್ಲಿ ಕೈತುಂಬ ಸಿಕ್ಕಿದ್ದು ಹಾಸ್ಯದ ಪಾತ್ರಗಳು, ಅದರಲ್ಲೂ ಎರಡರ್ಥದ ಮಾತಿನ ಪಾತ್ರಗಳು. ಅವರ ಬಗ್ಗೆ ಗಂಭೀರವಾಗಿ ಬರೆಯಹೊರಟವರು ಈ ಭಾಗವನ್ನು ಮುಜುಗರದಿಂದ ಒಂದೇ ಸಾಲಿನಲ್ಲಿ ದಾಟಿ ‘ಗುಲಾಬಿ ಟಾಕೀಸ್’ಗೆ ಜಿಗಿಯುತ್ತಾರೆ. ನೀವು ಹಾಗೆ ಮಾಡಬೇಡಿ. ಎಂಬತ್ತು–ತೊಂಬತ್ತರ ದಶಕದ ಕನ್ನಡ ಚಿತ್ರದಲ್ಲಿ ಹಾಸ್ಯ ಎಂದರೆ ಮುಖ್ಯ ಕಥೆಗೆ ತಾಗಿಯೂ ತಾಗದಂತೆ ಸಾಗುವ ಪ್ರತ್ಯೇಕ ಟ್ರ್ಯಾಕ್. ನಾಯಕನ ಕಾಲ್‌ಶೀಟ್‌ಗೂ ಅದಕ್ಕೂ ಸಂಬಂಧವಿರಲೇಬೇಕೆಂದಿಲ್ಲ, ಕೆಲವೇ ದಿನಗಳಲ್ಲಿ ಬೇರೆಯಾಗಿ ಚಿತ್ರಿಸಿ ಸೇರಿಸಬಹುದು. ಹಾಸ್ಯ ಕಲಾವಿದರ ಚಿತ್ರಸಂಖ್ಯೆ ನಾಯಕಿಯರದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದಕ್ಕೆ ಕಾರಣ ಇದೇ. ಮಾತಿನ ಟೈಮಿಂಗ್, ಎದುರಿನವರ ಸಾಲನ್ನು ಎತ್ತಿ ಕೊಡುವ ಕಸುಬು ಇವೆಲ್ಲ ಅಂಥ ದೃಶ್ಯಗಳಲ್ಲಿ ಹದಗೊಳ್ಳುವಂಥವು.

ಅದೇ ಕಾರಣಕ್ಕೆ ಆ ದೃಶ್ಯಗಳು ಕಳೆದುಹೋಗುವುದೂ ಸುಲಭ. ಕಥೆ ಕೆಡದಂತೆ ಉದ್ದ ಇಳಿಸಬೇಕಾದಾಗ ಮೊದಲು ಹೋಗುವುದು ಹಾಸ್ಯದ ಟ್ರ್ಯಾಕ್. ‘ಈ ಚಿತ್ರದಲ್ಲಿ ಅವರು ಇಲ್ಲವೇ ಇಲ್ಲ’ ಎಂದು ಬರೆಯುವ ಮುನ್ನ ನೀವು ನೋಡಿದ ಪ್ರತಿ ಪೂರ್ತಿ ಇದೆಯೇ ಎಂದು ಅಳೆಯಿರಿ. 35 ಮಿ.ಮೀ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮು, ಸೆಕೆಂಡಿಗೆ 24 ಫ್ರೇಮು ಓಡುತ್ತದೆ. ಅಂದರೆ ನಿಮಿಷಕ್ಕೆ 90 ಅಡಿ, ಮೀಟರಿನಲ್ಲಿ ಸುಮಾರು 27.4. ಪ್ರಮಾಣಪತ್ರದಲ್ಲಿ ಉದ್ದ 4,000 ಮೀಟರ್ ಎಂದಿದ್ದರೆ ಚಿತ್ರ ಸುಮಾರು 146 ನಿಮಿಷ ಇರಬೇಕು. ನಿಮ್ಮ ಪ್ರತಿ 120 ನಿಮಿಷಕ್ಕೆ ಮುಗಿದರೆ ಎರಡು ರೀಲಿಗೂ ಹೆಚ್ಚು ಕಾಣೆಯಾಗಿದೆ, ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ. ಇಲ್ಲಿ ಒಂದು ಬಲೆ ಇದೆ. ನಮ್ಮ ಡಿವಿಡಿಗಳಲ್ಲಿ ಹಲವು ಪಾಲ್ ಎಂಬ ಟಿವಿ ಪದ್ಧತಿಯವು, ಸೆಕೆಂಡಿಗೆ 25 ಫ್ರೇಮು. ಹಾಗೆ ಓಡಿಸಿದಾಗ 146 ನಿಮಿಷದ ಚಿತ್ರ 140 ನಿಮಿಷಕ್ಕೇ ಮುಗಿಯುತ್ತದೆ, ಒಂದು ಫ್ರೇಮೂ ಕಡಿಮೆಯಾಗಿರುವುದಿಲ್ಲ. ಆರು ನಿಮಿಷದ ವ್ಯತ್ಯಾಸಕ್ಕೆ ಕತ್ತರಿಯನ್ನು ದೂರಬೇಡಿ.

ಈಗ ನಿಮ್ಮ ಹತ್ತು ಪುಟದ ತಿರುಳಿಗೆ ಬರೋಣ. ಬಹಳಷ್ಟು ನಾಯಕಿಯರ ವೃತ್ತಿಗೆ ಒಂದು ಗೊತ್ತಾದ ಗಡಿಯಾರವಿದೆ. ಸರೋಜಾದೇವಿ ಹುಟ್ಟಿದ್ದು 1938ರ ಜನವರಿಯಲ್ಲಿ, ‘ಮಹಾಕವಿ ಕಾಳಿದಾಸ’ ಬಂದದ್ದು 1955ರಲ್ಲಿ, ಅಂದರೆ ಹದಿನೇಳರ ಹರೆಯ. ಅಲ್ಲಿಂದ ನಾಯಕಿ, ಮದುವೆ, ಹಿರಿಯ ನಾಯಕಿ, ತಾಯಿ ಎಂದು ಮುಳ್ಳು ಸರಿಯುತ್ತದೆ. ಪ್ರತಿ ಹಂತದಲ್ಲೂ ಒಂದಷ್ಟು ಮಂದಿ ಉದುರಿಹೋಗುತ್ತಾರೆ. ಉಮಾಶ್ರೀ ಈ ಗಡಿಯಾರಕ್ಕೆ ಸಿಗಲೇ ಇಲ್ಲ. ರಂಗದ ಮೇಲೆ ಅವರಿಗೆ ಹೆಸರು ತಂದದ್ದು ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವ, ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶನದ ನಾಟಕ. ಕಾಣೆಯಾದ ಹುಂಜವನ್ನು ಹುಡುಕುತ್ತ ಊರನ್ನೇ ಎಬ್ಬಿಸುವ ಮುದುಕಿ ಅವಳು. 1995ರ ‘ಪುಟ್ನಂಜ’ದಲ್ಲಿ ಅವರು ರವಿಚಂದ್ರನ್ ಪಾತ್ರಕ್ಕೆ ಅಜ್ಜಿ, ಪುಟ್ಮಲ್ಲಿ. ಉಮಾಶ್ರೀ ಹುಟ್ಟಿದ್ದು 1957ರ ಮೇ 10, ರವಿಚಂದ್ರನ್ 1961ರ ಮೇ 30. ಮೊಮ್ಮಗನಿಗಿಂತ ಅಜ್ಜಿ ನಾಲ್ಕೇ ವರ್ಷ ದೊಡ್ಡವಳು! ಮೂವತ್ತೆಂಟಕ್ಕೇ ಅಜ್ಜಿಯಾದ ನಟಿಗೆ ನಲವತ್ತು ದಾಟಿದ ಮೇಲೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಐವತ್ತರ ಹೊಸ್ತಿಲಲ್ಲಿ ‘ಗುಲಾಬಿ’ಯಂಥ ಪಾತ್ರ ಸಿಕ್ಕಿದಾಗ ಅದನ್ನು ಹೊರಲು ಬೇಕಾದ ಮೈ, ದನಿ, ಅಭ್ಯಾಸ ಎಲ್ಲವೂ ಸಿದ್ಧವಾಗಿದ್ದವು. ನಿಮ್ಮ ಲೇಖನಕ್ಕೆ ಬೆನ್ನೆಲುಬು ಬೇಕಿದ್ದರೆ ಇದನ್ನೇ ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಪಾತ್ರದ ವಯಸ್ಸು ಮತ್ತು ಆಗ ನಟಿಯ ವಯಸ್ಸು ಎಂದು ಪಕ್ಕಪಕ್ಕ ಎರಡು ಕಾಲಂ ಹಾಕಿದರೆ ವಾದವನ್ನು ನೀವು ಮಾಡಬೇಕಿಲ್ಲ, ಅಂಕಿಗಳೇ ಮಾಡುತ್ತವೆ.

ಇನ್ನೊಂದು ಕಾಲಂ ಆಡುಮಾತಿನದ್ದು. ಇದನ್ನು ಹಾಕಿದವರು ಕಡಿಮೆ, ಹಾಕಿದರೆ ಹೊಳೆಯುವುದು ಬಹಳ. ವೈದೇಹಿಯವರ ಕಥೆ ಆಧರಿಸಿದ ‘ಗುಲಾಬಿ ಟಾಕೀಸ್’ ನಡೆಯುವುದು ಕುಂದಾಪುರದ ಕಡೆಯ ಮೀನುಗಾರರ ನಡುವೆ, ಕಾರ್ಗಿಲ್ ಯುದ್ಧದ ದಿನಗಳಲ್ಲಿ. ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿಯ ಮನೆಗೆ ಬಣ್ಣದ ಟಿವಿ ಮತ್ತು ಡಿಶ್ ಬರುತ್ತದೆ. 2010ರ ‘ಕನಸೆಂಬ ಕುದುರೆಯನೇರಿ’ ಅಮರೇಶ ನುಗಡೋಣಿ ಅವರ ಕಥೆಯದ್ದು, ಅಲ್ಲಿ ನಟ ವೈಜನಾಥ ಬಿರಾದಾರ್ ಜತೆಗೆ ಉತ್ತರ ಕರ್ನಾಟಕದ ನೆಲ. ‘ಒಡಲಾಳ’ದಲ್ಲಿ ಮೈಸೂರು ಸೀಮೆಯ ದಲಿತ ಕೇರಿಯ ಮಾತು. ತುಮಕೂರು ಸೀಮೆಯಲ್ಲಿ ಹುಟ್ಟಿದವರೊಬ್ಬರು ಈ ಮೂರನ್ನೂ ನಾಲಿಗೆಗೆ ಒಗ್ಗಿಸಿಕೊಂಡರು. ಪ್ರತಿ ಚಿತ್ರದ ಐದು ನಿಮಿಷದ ಸಂಭಾಷಣೆಯನ್ನು ಕೇಳಿ ಬರೆದುಕೊಂಡು, ಕ್ರಿಯಾಪದದ ಕೊನೆಗಳನ್ನು ಹೋಲಿಸಿ ನೋಡಿ. ಎಲ್ಲಿ ಹಿಡಿತ ಗಟ್ಟಿಯಿದೆ, ಎಲ್ಲಿ ಅವರ ತವರಿನ ಧಾಟಿ ನುಸುಳಿದೆ ಎಂದು ನಿಮಗೇ ಗೊತ್ತಾಗುತ್ತದೆ, ನೀವು ಆ ಸೀಮೆಯವರೇ ತಾನೆ. ಬೆಂಗಳೂರಿನ ವಿಮರ್ಶಕರಿಗೆ ಆ ಕಿವಿ ಇರುವುದಿಲ್ಲ.

ನಾಟಕಗಳನ್ನು ಚಿತ್ರಪಟ್ಟಿಗೆ ಬೆರೆಸಬೇಡಿ. ಚಿತ್ರಕ್ಕೆ ಒಂದು ಬಿಡುಗಡೆ ದಿನ ಇರುತ್ತದೆ, ನಾಟಕಕ್ಕೆ ಪ್ರಯೋಗಗಳು ಇರುತ್ತವೆ. ನಾಟಕದ ಸಾಲಿನಲ್ಲಿ ಕೃತಿ, ರಂಗರೂಪ ಮಾಡಿದವರು, ನಿರ್ದೇಶಕರು, ತಂಡ, ಮೊದಲ ಪ್ರಯೋಗದ ದಿನ ಮತ್ತು ಸ್ಥಳ, ಆ ಪಾತ್ರವನ್ನು ಎಷ್ಟು ಕಾಲ ನಿರ್ವಹಿಸಿದರು ಎಂಬುದು ಬೇಕು. ಕರಪತ್ರವೇ ಇಲ್ಲಿ ಮೊದಲ ಸಾಕ್ಷಿ. ಅದರಲ್ಲಿ ತಿಂಗಳು, ತಾರೀಖು, ವಾರ ಇರುತ್ತವೆ, ಇಸವಿ ಎಷ್ಟೋ ಸಲ ಇರುವುದಿಲ್ಲ. ತಾರೀಖು ಮತ್ತು ವಾರ ಹೊಂದುವ ವರ್ಷಗಳು ಐದಾರು ವರ್ಷಕ್ಕೋ ಹನ್ನೊಂದು ವರ್ಷಕ್ಕೋ ಒಮ್ಮೆ ಬರುವುದರಿಂದ ಹಳೆಯ ಕ್ಯಾಲೆಂಡರ್ ಹಿಡಿದು ಇಸವಿಯನ್ನು ಒಂದೆರಡು ಸಾಧ್ಯತೆಗೆ ಇಳಿಸಬಹುದು. ಒಂದೇ ಪಾತ್ರವನ್ನು ಬೇರೆ ಬೇರೆ ಪ್ರಯೋಗಗಳಲ್ಲಿ ಬೇರೆ ನಟಿಯರೂ ಮಾಡಿರುತ್ತಾರೆ. ನಾಟಕದ ಹೆಸರು ಕಂಡ ಕೂಡಲೇ ಇವರ ಲೆಕ್ಕಕ್ಕೆ ಬರೆಯಬೇಡಿ.

ಧಾರಾವಾಹಿಗೆ ಮೂರನೇ ಹಾಳೆ. ಟಿವಿ ನಟನೆಯನ್ನು ಕೊನೆಯಲ್ಲಿ ಎರಡು ಸಾಲಿಗೆ ಮುಗಿಸುವ ಅಭ್ಯಾಸ ಕನ್ನಡದ ಜೀವನಚಿತ್ರಗಳಲ್ಲಿ ಇದೆ. ಅದು ಎಂಥ ಅನ್ಯಾಯ ಎಂಬುದಕ್ಕೆ ಲೆಕ್ಕವನ್ನೇ ಮಾಡಿ ನೋಡಿ. ಸೋಮವಾರದಿಂದ ಶುಕ್ರವಾರದವರೆಗೆ ಬರುವ ಧಾರಾವಾಹಿಗೆ ವರ್ಷಕ್ಕೆ 260 ಸಂಚಿಕೆ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ತೆಗೆದರೆ ಉಳಿಯುವುದು 22 ನಿಮಿಷ ಎಂದುಕೊಂಡರೂ 5,720 ನಿಮಿಷ, ಸುಮಾರು 95 ಗಂಟೆ. ಎರಡೂವರೆ ಗಂಟೆಯ 38 ಚಿತ್ರಗಳಷ್ಟು! ಎಲ್ಲ ದೃಶ್ಯದಲ್ಲೂ ಮುಖ್ಯ ಪಾತ್ರ ಇರುವುದಿಲ್ಲ ನಿಜ, ಕಾಲುಭಾಗ ಇದ್ದರೂ ಅದು ದೊಡ್ಡ ಮೊತ್ತವೇ.

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದ, ಆರೂರು ಜಗದೀಶ್ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಉಮಾಶ್ರೀ ಅವರನ್ನು ಮತ್ತೊಂದು ತಲೆಮಾರಿಗೆ ಪರಿಚಯಿಸಿತು. ಗಂಡ ಇನ್ನೊಂದು ಮದುವೆಯಾಗಿ ಹೋದ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿ ಪುಟ್ಟಕ್ಕ. ನಿಮ್ಮ ತರಗತಿಯವರಿಗೆ ಬಹುಶಃ ಗೊತ್ತಿರುವುದು ಈ ಉಮಾಶ್ರೀಯೇ, ‘ಅನುಭವ’ದವರೂ ಅಲ್ಲ, ‘ಗುಲಾಬಿ’ಯವರೂ ಅಲ್ಲ.

ಧಾರಾವಾಹಿಯ ಸಾಲಿಗೆ ಬೇಕಾದದ್ದು ವಾಹಿನಿ, ನಿರ್ಮಾಣ ಸಂಸ್ಥೆ, ನಿರ್ದೇಶಕರು, ಪಾತ್ರ, ಮೊದಲ ಮತ್ತು ಕೊನೆಯ ಪ್ರಸಾರ ದಿನ, ಪ್ರಸಾರದ ವೇಳೆ, ವಾರಕ್ಕೆ ಎಷ್ಟು ದಿನ. ಸಂಚಿಕೆಗಳ ಸಂಖ್ಯೆ ಕೊಡುವಾಗ ಎಲ್ಲಿಂದ ತೆಗೆದುಕೊಂಡದ್ದು ಎಂದು ಹೇಳಿ. ಒಂದು ಗಂಟೆಯ ಮಹಾಸಂಚಿಕೆ ಒಂದು ಕಡೆ ಒಂದೇ ಆಗಿ, ಇನ್ನೊಂದು ಕಡೆ ಎರಡಾಗಿ ಎಣಿಕೆಯಾಗಿರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕಾಣುವ ದಿನಾಂಕ ಪ್ರಸಾರದ ದಿನವೇ ಆಗಿರಬೇಕಿಲ್ಲ. ವಾಹಿನಿಯ ಹೆಸರೂ ಕೈಕೊಡುತ್ತದೆ: ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡ ಆಯಿತು, ಹಾಗಾಗಿ 2008ರ ಧಾರಾವಾಹಿಯನ್ನು ‘ಕಲರ್ಸ್ ಕನ್ನಡದ್ದು’ ಎಂದು ಬರೆದರೆ ಅದು ಕಾಲದೋಷ. ಇನ್ನೂ ಹಿಂದಿನ ದೂರದರ್ಶನದ ಧಾರಾವಾಹಿಗಳಲ್ಲಿ ಹಲವು ವಾರಕ್ಕೊಂದರಂತೆ ಹದಿಮೂರು ಕಂತಿನಲ್ಲಿ ಮುಗಿಯುತ್ತಿದ್ದವು. ಹದಿಮೂರು ಕಂತಿನ ಪಾತ್ರವನ್ನೂ ವರ್ಷಗಟ್ಟಲೆ ನಡೆದ ದಿನಧಾರಾವಾಹಿಯ ಪಾತ್ರವನ್ನೂ ‘ಒಂದು ಧಾರಾವಾಹಿ’ ಎಂದು ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ. ನಿರೂಪಣೆ, ತೀರ್ಪುಗಾರಿಕೆ, ಅತಿಥಿಯಾಗಿ ಬಂದದ್ದು ಇವುಗಳಿಗೆ ಬೇರೆ ಗುಂಪು ಮಾಡಿ. ‘ಡ್ರಾಮಾ ಜೂನಿಯರ್ಸ್‌’ನಲ್ಲಿ ಲಕ್ಷ್ಮಿ ಕೂತದ್ದು ತೀರ್ಪುಗಾರರ ಕುರ್ಚಿಯಲ್ಲಿ, ಅದನ್ನು ನಟನೆಯ ಪಟ್ಟಿಗೆ ಹಾಕಲಾಗದು.

ಪಟ್ಟಿ ಮುಗಿದ ಮೇಲೆ ಖಾಲಿ ಇರುವ ವರ್ಷಗಳನ್ನು ನೋಡಿ. ಉಮಾಶ್ರೀ ಅವರ ವಿಷಯದಲ್ಲಿ ಅಂಥ ಒಂದು ಅವಧಿಗೆ ಉತ್ತರ ವಿಧಾನಸೌಧದಲ್ಲಿದೆ. ಕಾಂಗ್ರೆಸ್ ಅಭ್ಯರ್ಥಿಯಾಗಿ ತೇರದಾಳದಲ್ಲಿ 2008ರಲ್ಲಿ ಸೋತರು, 2013ರಲ್ಲಿ ಗೆದ್ದರು, ಸಿದ್ದರಾಮಯ್ಯ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವೆಯಾದರು, 2018ರಲ್ಲಿ ಅಲ್ಲೇ ಸೋತರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. 2008ರ ಸೋಲು ಮತ್ತು ‘ಗುಲಾಬಿ ಟಾಕೀಸ್’ ಬಿಡುಗಡೆ ಒಂದೇ ವರ್ಷದ್ದು ಎಂಬುದು ಪಟ್ಟಿಯನ್ನು ಪಕ್ಕಪಕ್ಕ ಇಟ್ಟಾಗಲೇ ಕಾಣುವುದು. ‘ರಾಜಕೀಯಕ್ಕಾಗಿ ಬಣ್ಣ ಬಿಟ್ಟರು’ ಎಂಬ ಸಿದ್ಧವಾಕ್ಯ ಇವರಿಗೆ ಹೊಂದುವುದಿಲ್ಲ. ಪರಿಷತ್ತಿನ ಸದಸ್ಯೆಯಾದಾಗ ಪುಟ್ಟಕ್ಕ ಇನ್ನೂ ಮನೆಮನೆಯ ಟಿವಿಯಲ್ಲಿದ್ದಳು.

ಚುನಾವಣೆಗೆ ನಿಂತವರ ಜೀವನಚಿತ್ರ ಬರೆಯುವವರಿಗೆ ಒಂದು ಅನುಕೂಲ ಇದೆ. ಅಭ್ಯರ್ಥಿಗಳು ನಾಮಪತ್ರದ ಜತೆ ಕೊಡುವ ಪ್ರಮಾಣಪತ್ರ (ಅಫಿಡವಿಟ್), ಫಾರಂ 26, ಸಾರ್ವಜನಿಕ ದಾಖಲೆ. ವಯಸ್ಸು, ವಿದ್ಯಾಭ್ಯಾಸ ಅದರಲ್ಲಿ ಇರುತ್ತವೆ. ಹುಟ್ಟಿದ ದಿನ ಇರುವುದಿಲ್ಲ, ತುಂಬಿದ ವರ್ಷಗಳು ಮಾತ್ರ. ಇಲ್ಲೊಂದು ಲೆಕ್ಕ ತಪ್ಪುತ್ತದೆ. 2013ರ ಮತದಾನ ನಡೆದದ್ದು ಮೇ 5ರಂದು, ನಾಮಪತ್ರ ಏಪ್ರಿಲ್‌ನಲ್ಲಿ. 1957ರ ಮೇ 10ರಂದು ಹುಟ್ಟಿದವರಿಗೆ ಆ ಏಪ್ರಿಲ್‌ನಲ್ಲಿ ತುಂಬಿರುವುದು 55. ಅದನ್ನು ನೋಡಿ 2013ರಿಂದ 55 ಕಳೆದರೆ 1958 ಬರುತ್ತದೆ, ಹೊಸದೊಂದು ತಪ್ಪು ಜನ್ಮವರ್ಷ ಹುಟ್ಟುತ್ತದೆ. ತುಂಬಿದ ವಯಸ್ಸಿನಿಂದ ಹಿಂದಕ್ಕೆ ಎಣಿಸುವಾಗ ಯಾವಾಗಲೂ ಎರಡು ವರ್ಷಗಳನ್ನು ಸಾಧ್ಯತೆ ಎಂದು ಬರೆದುಕೊಳ್ಳಿ.

ಖಾಸಗಿ ಬದುಕಿನ ಬಗ್ಗೆ ಅವರೇ ಸಾರ್ವಜನಿಕವಾಗಿ, ತಮ್ಮ ಹೆಸರಿನಲ್ಲಿ ಹೇಳಿದ್ದಷ್ಟನ್ನು ಮಾತ್ರ ಬಳಸಿ. ‘ಆಪ್ತರ ಪ್ರಕಾರ’ ಎಂದು ಶುರುವಾಗುವ ಯಾವ ಸಾಲೂ ಬೇಡ. ಕಷ್ಟದ ದಿನಗಳನ್ನು ಹಿಗ್ಗಿಸಿ ಬರೆಯುವುದು ನಟಿಯರ ಜೀವನಚಿತ್ರಗಳಿಗೆ ಅಂಟಿದ ಒಂದು ಜಾಡ್ಯ. ನಟರ ಬಗ್ಗೆ ಬರೆಯುವಾಗ ಮೊದಲು ಪಾತ್ರ, ನಟಿಯರ ಬಗ್ಗೆ ಬರೆಯುವಾಗ ಮೊದಲು ಕಣ್ಣೀರು. ಹತ್ತು ಪುಟದಲ್ಲಿ ಏಳು ಪುಟವಾದರೂ ಕೆಲಸದ ಬಗ್ಗೆ ಇರಲಿ.

ಚಿತ್ರಗಳನ್ನು, ಅಂದರೆ ಫೋಟೊಗಳನ್ನು, ಅಂತರ್ಜಾಲದಿಂದ ಇಳಿಸಿ ಹಾಕುವ ಮುನ್ನ ಯೋಚಿಸಿ. ನಮ್ಮ ಕಾನೂನಿನಲ್ಲಿ ಫೋಟೊದ ಹಕ್ಕುಸ್ವಾಮ್ಯ ಪ್ರಕಟವಾದ ನಂತರ 60 ವರ್ಷ ಇರುತ್ತದೆ. ಉಮಾಶ್ರೀ ಅವರ ಚಿತ್ರಜೀವನದ ಒಂದು ಫೋಟೊವೂ ಇನ್ನೂ ಆ ಹಕ್ಕಿನಿಂದ ಹೊರಬಂದಿಲ್ಲ. ಚಿತ್ರದ ಸ್ಥಿರಚಿತ್ರವಾದರೆ ನಿರ್ಮಾಪಕರಿಗೆ, ಪತ್ರಿಕೆಯದ್ದಾದರೆ ಪತ್ರಿಕೆಗೆ, ನಾಟಕದ್ದಾದರೆ ತೆಗೆದವರಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಯಿರಿ. ಶೈಕ್ಷಣಿಕ ಸಂಚಿಕೆ ಎಂದರೆ ಒಪ್ಪುವವರೇ ಹೆಚ್ಚು. ಫೋಟೊದ ಕೆಳಗೆ ತೆಗೆದವರ ಹೆಸರು ಹಾಕಿ.

ಕೊನೆಗೆ ಸಂದರ್ಶನ. ಅವರ ಜತೆ ಕೆಲಸ ಮಾಡಿದವರು ಯಾರಾದರೂ ಸಿಕ್ಕರೆ ‘ಅವರು ಹೇಗೆ?’ ಎಂದು ಕೇಳಬೇಡಿ, ‘ದೊಡ್ಡ ಕಲಾವಿದೆ, ಸರಳ ವ್ಯಕ್ತಿ’ ಎಂಬ ಉತ್ತರ ಬರುತ್ತದೆ. ಆ ದೃಶ್ಯಕ್ಕೆ ಎಷ್ಟು ಟೇಕ್ ಆಯಿತು, ಸಂಭಾಷಣೆ ಮೊದಲೇ ಕೊಟ್ಟಿದ್ದರೇ ಸೆಟ್ಟಿನಲ್ಲೇ ಬರೆದರೇ, ಆಡುಮಾತನ್ನು ತಿದ್ದಿದವರು ಯಾರು, ಮುದುಕಿಯ ಮೇಕಪ್‌ಗೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಡಬ್ಬಿಂಗ್ ಎಲ್ಲಿ ನಡೆಯಿತು ಎಂದು ಕೇಳಿ. ಸಂಕಲನಕಾರರು, ಮೇಕಪ್‌ನವರು, ಸಹಾಯಕ ನಿರ್ದೇಶಕರು ಇಂಥವುಗಳಿಗೆ ನಿರ್ದೇಶಕರಿಗಿಂತ ಚೆನ್ನಾಗಿ ಉತ್ತರ ಕೊಡುತ್ತಾರೆ. ಹೇಳಿದ ಇಸವಿಯನ್ನು ಮಾತ್ರ ಹಾಗೇ ಬರೆದುಕೊಳ್ಳಬೇಡಿ. ‘ಆಗ ಯಾವ ಸರ್ಕಾರ ಇತ್ತು, ಜತೆಯಲ್ಲಿ ಇನ್ಯಾವ ಚಿತ್ರದ ಕೆಲಸ ನಡೆದಿತ್ತು’ ಎಂದು ಕೇಳಿಕೊಂಡು, ಮನೆಗೆ ಬಂದು ನಿಮ್ಮ ಪಟ್ಟಿಯ ದಿನಾಂಕಗಳ ಜತೆ ತಾಳೆ ನೋಡಿ.